ಹಿಮೇಜಿಯ ಗಾಳಿಗಂಟೆ

ಜಪಾನಿನ ಒಸಾಕಾದಿಂದ ಪಶ್ಚಿಮಕ್ಕೆ ಶಿಂಕನ್‌ಸೆನ್ ರೈಲಿನಲ್ಲಿ ಹೊರಟರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಹಿಮೇಜಿ ಸಿಗುತ್ತದೆ. ನಿಲ್ದಾಣದಿಂದ ಹೊರಬಿದ್ದೊಡನೆ ನೇರ ರಸ್ತೆಯ ತುದಿಯಲ್ಲಿ ಬೆಳ್ಳಗಿನ ಕೋಟೆ. ಬೆಳ್ಳಕ್ಕಿ ಕೋಟೆಯೆಂದೇ ಅದರ ಅಡ್ಡಹೆಸರು. 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಂದವರು ಕೋಟೆ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಮುಂದಿನ ರೈಲಿಗೆ ಓಡುತ್ತಾರೆ. ಇಲ್ಲಿನ ದೊರೆಗಳಿಗೆ ಕವಚ ಮಾಡಿಕೊಡುತ್ತಿದ್ದ ಕಮ್ಮಾರರ ಮನೆತನವೊಂದು ಅದೇ ಊರಿನಲ್ಲಿ ಇಂದೂ ಕಬ್ಬಿಣ ಬಡಿಯುತ್ತಿರುವುದು ಹೆಚ್ಚಿನವರಿಗೆ ತಿಳಿಯುವುದಿಲ್ಲ. ಈಗ ಅಲ್ಲಿ ತಯಾರಾಗುವುದು ಕವಚವಲ್ಲ, ಗಾಳಿಗಂಟೆ.

ಗಾಳಿಗಂಟೆ ಜಪಾನಿಗೆ ಹೊಸದೇನಲ್ಲ. ಬೌದ್ಧಧರ್ಮದೊಡನೆ ಚೀನಾದ ಕಡೆಯಿಂದ ಬಂದ ಪದ್ಧತಿ ಅದು. ದೇಗುಲದ ಸೂರಿನ ಮೂಲೆಗಳಲ್ಲಿ ಕಂಚಿನ ಗಂಟೆ ತೂಗುತ್ತಿತ್ತು; ಅದರ ದನಿ ಕೇಳಿಸುವಷ್ಟು ದೂರ ಕೆಡುಕು ಸುಳಿಯದೆಂಬ ನಂಬಿಕೆ. ಕ್ರಮೇಣ ಮನೆಗಳಿಗೆ ಬಂದು ‘ಫೂರಿನ್’ ಎನಿಸಿಕೊಂಡಿತು. ಬೇಸಿಗೆಯಲ್ಲಿ ಕಿಟಕಿಗೆ ಕಟ್ಟುತ್ತಾರೆ. ಗಂಟೆಯ ನಾಲಗೆಗೆ ಉದ್ದನೆಯ ಕಾಗದದ ಪಟ್ಟಿ ಇಳಿಬಿಟ್ಟಿರುತ್ತದೆ. ಗಾಳಿ ಹಿಡಿಯುವುದು ಅದೇ. ದನಿ ಕೇಳಿದರೆ ಸೆಕೆ ಕಡಿಮೆಯಾದಂತೆ ಅನ್ನಿಸುತ್ತದಂತೆ. ಥರ್ಮಾಮೀಟರು ಇದನ್ನು ಒಪ್ಪಲಾರದು, ಆದರೆ ಜಪಾನೀಯರು ಒಪ್ಪುತ್ತಾರೆ.

ಹಿಮೇಜಿಯ ಮನೆತನದ ಹೆಸರು ಮ್ಯೋಚಿನ್. 12ನೆಯ ಶತಮಾನದಲ್ಲಿ ಕೊನೊಯೆ ಚಕ್ರವರ್ತಿಗೆ ಹಿರಿಯರೊಬ್ಬರು ಕವಚ ಒಪ್ಪಿಸಿದಾಗ, ಅದರ ಹೊಳಪಿಗೂ ನಾದಕ್ಕೂ ಮೆಚ್ಚಿ ದೊರೆ ಈ ಹೆಸರು ಕೊಟ್ಟನೆಂದು ಐತಿಹ್ಯ. ಮುಂದೆ ಸಾಕಾಯಿ ವಂಶದ ಪಾಳೆಯಗಾರರು 1749ರಲ್ಲಿ ಹಿಮೇಜಿಗೆ ಬಂದರು. ಮ್ಯೋಚಿನ್‌ರು ಅವರ ಆಶ್ರಯದ ಕವಚಗಾರರು. 1868ರಲ್ಲಿ ಆಳ್ವಿಕೆ ಬದಲಾಯಿತು, 1876ರಲ್ಲಿ ಸಮುರಾಯ್‌ಗಳು ಖಡ್ಗ ಧರಿಸುವುದೂ ನಿಂತಿತು. ಕವಚ ಯಾರಿಗೆ ಬೇಕು? ಮನೆಯವರು ‘ಹಿಬಾಶಿ’ಗೆ ತಿರುಗಿದರು. ಊಟದ ಕಡ್ಡಿಗಳ ಹಾಗೆ ಜೋಡಿ ಕಡ್ಡಿ, ಆದರೆ ಕಬ್ಬಿಣದ್ದು. ಅಗ್ಗಿಷ್ಟಿಕೆಯ ಕೆಂಡ ಎತ್ತಲು. ಪ್ರತಿ ಮನೆಯಲ್ಲೂ ಇದ್ದಲಿನ ಬೆಂಕಿಯಿದ್ದ ಕಾಲ, ಹೊಟ್ಟೆಪಾಡಿಗೆ ಕೊರತೆಯಾಗಲಿಲ್ಲ.

1960ರ ದಶಕದಲ್ಲಿ ಸೀಮೆಎಣ್ಣೆ, ಗ್ಯಾಸು, ವಿದ್ಯುತ್ತಿನ ಒಲೆಗಳು ಬಂದು ಅಗ್ಗಿಷ್ಟಿಕೆ ಮೂಲೆ ಸೇರಿತು. ನೂರು ವರ್ಷದೊಳಗೆ ಎರಡನೆಯ ಸಲ ಕಸುಬು ಮುಳುಗುವ ಹೊತ್ತು. ಆಗ ಕೈ ಹಿಡಿದದ್ದು ಕಡ್ಡಿಗಳು ಒಂದಕ್ಕೊಂದು ತಗುಲಿದಾಗ ಏಳುತ್ತಿದ್ದ ದನಿ. ನಾಲ್ಕು ಹಿಬಾಶಿಗಳನ್ನು ದಾರದಿಂದ ಸುತ್ತಲೂ ತೂಗಿಬಿಟ್ಟು, ನಡುವೆ ಒಂದು ನಾಲಗೆ, ಕೆಳಗೆ ಪಟ್ಟಿ. ಅಷ್ಟೇ. ಕಡ್ಡಿಯ ಆಕಾರ ಬದಲಾಗಲಿಲ್ಲ; ದಾರ ಬಿಚ್ಚಿದರೆ ಅದರಿಂದ ಕೆಂಡ ಎತ್ತಬಹುದು, ಮನೆಯಲ್ಲಿ ಕೆಂಡ ಇರಬೇಕು.

ಕೆಲಸ ಹಳೆಯ ಕ್ರಮದ್ದೇ. ಕುಲುಮೆಯಲ್ಲಿ ಕಬ್ಬಿಣವನ್ನು ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿಯಬೇಕು, ತಣಿದರೆ ಮತ್ತೆ ಕಾಯಿಸಬೇಕು. ಕಡ್ಡಿ ತುದಿಯತ್ತ ಸಪೂರವಾಗುತ್ತ ಬರುತ್ತದೆ. ಕೆಲವದರ ತಲೆ ಜರಿಗಿಡದ ಸುರುಳಿ ಚಿಗುರಿನಂತಿರುತ್ತದೆ.

ದನಿಯ ಗುಟ್ಟು ಇಲ್ಲಿದೆ. ಕಡ್ಡಿಯನ್ನು ತಟ್ಟಿದಾಗ ಅದು ಬಿಲ್ಲಿನಂತೆ ಬಾಗಿ ಕಂಪಿಸುತ್ತದೆ. ಒಂದೇ ದಪ್ಪದ ಕಡ್ಡಿಯ ಉದ್ದವನ್ನು ಅರ್ಧ ಮಾಡಿದರೆ ಕಂಪನ ಇಮ್ಮಡಿಯಲ್ಲ, ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸವೂ ದನಿಯಲ್ಲಿ ಗೊತ್ತಾಗುತ್ತದೆ. ಕೈಯಿಂದ ಬಡಿದ ನಾಲ್ಕು ಕಡ್ಡಿಗಳು ಕಣ್ಣಿಗೆ ಒಂದೇ ತೆರನಾದರೂ ಕಿವಿಗೆ ಅಲ್ಲ. ಒಂದು ಸೆಕೆಂಡಿಗೆ 2000 ಸಲ ಕಂಪಿಸಿ, ಪಕ್ಕದ್ದು 2003 ಸಲ ಕಂಪಿಸಿದರೆ, ಎರಡೂ ಸೇರಿದ ನಾದ ಸೆಕೆಂಡಿಗೆ ಮೂರು ಸಲ ಏರಿಳಿಯುತ್ತದೆ. ತೆಳುವಾದ ದಾರ ಕಂಪನವನ್ನು ಹೀರಿಕೊಳ್ಳುವುದು ಬಹಳ ಕಡಿಮೆಯಾದ್ದರಿಂದ ಆ ಏರಿಳಿತ ಮೆಲ್ಲಗೆ, ಬಹಳ ಹೊತ್ತು ಎಳೆಯುತ್ತದೆ. ಯಂತ್ರದಲ್ಲಿ ಕತ್ತರಿಸಿದ ಅಲ್ಯುಮಿನಿಯಂ ಕೊಳವೆಗಳ ಅಗ್ಗದ ಗಂಟೆಯಲ್ಲಿ ಶ್ರುತಿ ಕರಾರುವಾಕ್ಕಾಗಿರಬಹುದು, ಈ ತುಯ್ತ ಇರುವುದಿಲ್ಲ.

ಈಗಿನ ತೊಡಕು ಬೇರೆ. ಏರ್‌ಕಂಡಿಷನರ್ ಹಾಕಿದ ಮನೆ ಬೇಸಿಗೆಯಲ್ಲಿ ಕಿಟಕಿ ತೆರೆಯುವುದಿಲ್ಲ. ಒತ್ತೊತ್ತಾದ ಫ್ಲ್ಯಾಟುಗಳಲ್ಲಿ ಪಕ್ಕದವರಿಗೆ ಈ ದನಿ ಗಲಾಟೆಯೆನಿಸಿ ತಕರಾರು ಬರುವುದೂ ಉಂಟು. ಹಾಗಾಗಿ ಕೆಲವರು ಗಂಟೆಯನ್ನು ಮನೆಯೊಳಗೆ, ಬಾಗಿಲಿಗೇ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಅದನ್ನು ನುಡಿಸುವುದು ಗಾಳಿಯಲ್ಲ, ಒಳಗೆ ಬರುವ ನೆಂಟರು.