ಕಾರಿನ ಎ.ಸಿ.ಯೂ ನಮ್ಮ ಒಂದೊತ್ತಿನ ಶಾಲೆಯೂ

ಗಟ್ಟು ಕಡೆಯ ಬಿಸಿಲನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಮಾರ್ಚ್ ಅರ್ಧ ಕಳೆಯುತ್ತಲೇ ಇಲ್ಲಿ 'ಒಂಟಿಪೂಟ ಬಡಿ', ಅಂದರೆ ಒಂದೊತ್ತಿನ ಶಾಲೆ ಶುರುವಾಗುತ್ತದೆ. ಮಕ್ಕಳಿಗೆ ಬಿಸಿಲು ತಾಗದಿರಲಿ ಎಂದು ಹನ್ನೆರಡೂವರೆಗೆ ಶಾಲೆ ಬಿಡುತ್ತಾರೆ. ದೂರದಿಂದ ಬರುವ ನಾವು ಮಾತ್ರ ಸರಿಯಾಗಿ ಸುಡುವ ಹೊತ್ತಿಗೇ ರಸ್ತೆಗೆ ಬೀಳುತ್ತೇವೆ! ಗದ್ವಾಲ ತಾಲ್ಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಗಡಿ ಬದಲಾದರೂ ರಾಯಚೂರಿನಿಂದ ಗಟ್ಟಿಗೆ ನಮ್ಮ ಓಡಾಟ ತಪ್ಪಿಲ್ಲ. ಮೂವರು ಪಾಲು ಹಾಕಿ ಓಡಿಸುವ ಹಳೇ ಕಾರೊಂದಿದೆ. ಈ ವರ್ಷ ಜೊತೆಗೆ ಬರುವ ಟೀಚರಮ್ಮನವರ ಮಡಿಲಲ್ಲಿ ಏಳು ತಿಂಗಳ ಕೂಸು. ಕಿಟಕಿ ತೆರೆದರೆ ಒಲೆ ಬಾಯಿಯ ಗಾಳಿ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಎ.ಸಿ. ಅನ್ನುವುದು ನಮಗೆ ಶೋಕಿಯ ಮಾತಲ್ಲ.

ಮೂರು ಬೇಸಿಗೆಯಿಂದ ಒಂದೇ ಕಥೆ. ಗಾಳಿ ತಣ್ಣಗಾಗುವುದಿಲ್ಲ, ಅಂಗಡಿಯವರು "ಗ್ಯಾಸ್ ಖಾಲಿ" ಎಂದು ತುಂಬಿ ದುಡ್ಡು ತೆಗೆದುಕೊಳ್ಳುತ್ತಾರೆ, ದಸರಾ ಹೊತ್ತಿಗೆ ಮತ್ತೆ ಬಿಸಿ ಗಾಳಿ. ಈ ಸಲ, ಅದು ಹೇಗೆ ಖಾಲಿಯಾಗುತ್ತದೆ ನೋಡಿಯೇ ಬಿಡೋಣ ಎಂದು ನಾವು ಒಂದು ಭಾನುವಾರ ಬೇವಿನ ಮರದ ನೆರಳಿಗೆ ಕಾರು ತಂದು ನಿಲ್ಲಿಸಿದೆವು.

ಏಳನೇ ತರಗತಿಗೆ ಹೇಳುವ ಹಾಗೆ ಹೇಳುತ್ತೇವೆ, ಬೇಸರ ಬೇಡ. ಹರವಿಯ ನೀರು ತಣ್ಣಗೆ ಯಾಕಿರುತ್ತದೆ? ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಪುಸ್ತಕದಲ್ಲಿ ಬರುವ ಗುಪ್ತೋಷ್ಣ ಇದೇ. ಕಾರಿನಲ್ಲಿ ನೀರಿನ ಬದಲು ಆರ್-134ಎ ಎಂಬ ಅನಿಲವಿದೆ. ಮಾಮೂಲಿ ವಾಯು ಒತ್ತಡದಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಒಳಗಿರುವ ಕಾಯಿಲ್‌ನಲ್ಲಿ ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಕಳಿಸಿದಾಗ ರೇಡಿಯೇಟರ್ ಮುಂದಿನ ಕಂಡೆನ್ಸರ್‌ನಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಹರವಿಯ ಆವಿ ಗಾಳಿಗೆ ಹೋಗುತ್ತದೆ, ಇದು ಎಲ್ಲಿಗೂ ಹೋಗದೆ ಪೈಪಿನೊಳಗೇ ಸುತ್ತುತ್ತದೆ. ಉರಿದು ಮುಗಿಯಲು ಪೆಟ್ರೋಲೇ? ರಬ್ಬರ್ ಪೈಪುಗಳಿಂದ ಎಷ್ಟೋ ವರ್ಷಗಳಲ್ಲಿ ಅಲ್ಪಸ್ವಲ್ಪ ಕಡಿಮೆಯಾದೀತು. ವರ್ಷಕ್ಕೊಮ್ಮೆ ಖಾಲಿಯಾಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಮೊದಲು ಗಾಳಿಯನ್ನೇ ನೋಡಿದೆವು. ರಭಸ ಕಡಿಮೆಯಿದ್ದರೆ ಗ್ಯಾಸಿನ ಮಾತೇ ಬೇಡ, ಗ್ಲವ್ ಬಾಕ್ಸಿನ ಹಿಂದಿರುವ ಫಿಲ್ಟರ್ ತೆಗೆದು ನೋಡಬೇಕು. (ಕೆಲವು ಹಳೇ ಕಾರುಗಳಲ್ಲಿ ಫಿಲ್ಟರೇ ಇರುವುದಿಲ್ಲ.) ನಮ್ಮದರಲ್ಲಿ ಕೆಂಪು ಧೂಳೂ ಹತ್ತಿಯ ಎಳೆಯೂ ಸೇರಿ ಕಂಬಳಿಯಾಗಿತ್ತು! ಗದ್ವಾಲ ಸೀಮೆಯೆಂದರೆ ಹತ್ತಿ ಬೀಜದ ಸೀಮೆಯಲ್ಲವೆ. ಕ್ರಾಸಿಂಗ್ ಕೆಲಸಕ್ಕೆಂದು ನಮ್ಮ ಮಕ್ಕಳನ್ನು ತರಗತಿಯಿಂದ ಎಳೆದೊಯ್ಯುವುದೂ ಇದೇ ಹತ್ತಿ. ಅದನ್ನು ಇನ್ನೊಮ್ಮೆ ಬರೆಯುತ್ತೇವೆ. ಕಂಡೆನ್ಸರಿನ ರೆಕ್ಕೆಗಳ ಸಂದಿಯಲ್ಲೂ ಅದೇ ಕಂಬಳಿ. ಇಂಜಿನ್ ಆರಿದ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆದೆವು. ಜೋರಾಗಿ ಬಿಟ್ಟರೆ ರೆಕ್ಕೆ ಮಡಚಿಕೊಳ್ಳುತ್ತವೆ. ಓಡುವಾಗ ತಣ್ಣಗೆ, ನಿಂತಾಗ ಬಿಸಿ ಆಗುವ ಕಾರುಗಳಲ್ಲಿ ತಪ್ಪು ಹೆಚ್ಚಾಗಿ ಇಲ್ಲೋ ಅಥವಾ ಇದರ ಫ್ಯಾನಿನಲ್ಲೋ ಇರುತ್ತದೆ.

ಆಮೇಲೆ ಕಿವಿಗೆ ಕೆಲಸ. ಎ.ಸಿ. ಗುಂಡಿ ಒತ್ತಿದರೆ ಕಂಪ್ರೆಸರಿನ ಕ್ಲಚ್ 'ಟಕ್' ಅನ್ನಬೇಕು. ಅನ್ನದಿದ್ದರೆ ಫ್ಯೂಸ್, ರಿಲೇ ನೋಡಬೇಕು. ನಮ್ಮದು ಟಕ್ ಅಂದಿತು, ಕೆಲವೇ ಸೆಕೆಂಡಿಗೆ ಬಿಟ್ಟಿತು, ಮತ್ತೆ ಟಕ್. ಗ್ಯಾಸ್ ಕಡಿಮೆಯಾದಾಗ ಕಂಪ್ರೆಸರ್ ಸುಟ್ಟುಹೋಗದಂತೆ ಒತ್ತಡದ ಸ್ವಿಚ್ ಹೀಗೆ ಮಾಡುತ್ತದೆ. ಆ ಸ್ವಿಚ್ಚಿಗೆ ತಂತಿ ಸುತ್ತಿ ನೇರ ಓಡಿಸುವವರಿದ್ದಾರೆ, ದಯವಿಟ್ಟು ಬೇಡ. ಕಂಪ್ರೆಸರಿಗೆ ಬೇಕಾದ ಎಣ್ಣೆಯೂ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಆದ್ದರಿಂದ ಸೋರುವ ಕಡೆ ಎಣ್ಣೆ ಜಿಡ್ಡು, ಅದಕ್ಕಂಟಿದ ಧೂಳು ಕಾಣುತ್ತದೆ. ಹಾಗೆ ಕಂಡ ಜಾಗಕ್ಕೆಲ್ಲ ಸೋಪಿನ ನೊರೆ ಹಚ್ಚಿದೆವು. ದಪ್ಪ ಪೈಪಿನ ಮೇಲಿನ ವಾಲ್ವ್ ಬಾಯಲ್ಲಿ ಗುಳ್ಳೆ ಎದ್ದಿತು! ಸೈಕಲ್ ಟ್ಯೂಬಿನ ವಾಲ್ವಿನಂಥದೇ ಅದು. ಅದರ ಮುಚ್ಚಳವೂ ಇರಲಿಲ್ಲ. ಅಂದ ಹಾಗೆ, ಎ.ಸಿ. ಓಡಿದಾಗ ಕಾರಿನ ಕೆಳಗೆ ತೊಟ್ಟಿಕ್ಕುವುದು ಗ್ಯಾಸಲ್ಲ, ಗಾಳಿಯ ತೇವ ನೀರಾಗಿದ್ದು. ಅದಕ್ಕೆ ಗಾಬರಿ ಬೇಡ.

ಟೀಚರಮ್ಮನವರ ತಮ್ಮ ಅಷ್ಟರಲ್ಲಿ ವಿಡಿಯೋ ನೋಡಿ ಒಂದು ಗ್ಯಾಸ್ ಡಬ್ಬಿ, ಸಣ್ಣ ಮೀಟರಿನ ಪೈಪು ತಂದಿದ್ದ. "ಐದು ನಿಮಿಷದ ಕೆಲಸ ಸರ್" ಎಂದ. ಬಾನೆಟ್ ಕೆಳಗಿನ ಚೀಟಿ ಓದಿದೆವು. ನಮ್ಮ ಕಾರಿಗೆ ಬೇಕಿರುವುದು 400 ಗ್ರಾಂ, ಡಬ್ಬಿಯಲ್ಲಿರುವುದು 450. ಒಳಗೆ ಈಗ ಎಷ್ಟಿದೆ? ಮೀಟರ್ ಹೇಳುವುದಿಲ್ಲ. ಅಡುಗೆ ಸಿಲಿಂಡರಿನ ಉರಿ ಕೊನೆಯ ದಿನದವರೆಗೂ ಒಂದೇ ಸಮ ಇರುತ್ತದಲ್ಲ, ಹಾಗೆ. ದ್ರವ ಸ್ವಲ್ಪವೇ ಉಳಿದಿದ್ದರೂ, ಇಂಜಿನ್ ಬಂದಾಗಿರುವಾಗ 40 ಡಿಗ್ರಿ ಬಿಸಿಲಿನಲ್ಲಿ ಒತ್ತಡ ಸುಮಾರು 130 ಪಿಎಸ್‌ಐ ತೋರಿಸುತ್ತದೆ. ಹೊರಗಿನ ಬಿಸಿಲಿಗೆ ಮುಳ್ಳು ಏರಿಳಿಯುತ್ತದೆ. ತೂಗಿ ತುಂಬಿದರೆ ಮಾತ್ರ ಲೆಕ್ಕ ಸಿಗುತ್ತದೆ. ಹೆಚ್ಚಾದರೆ ತಂಪು ಕಡಿಮೆಯಾಗಿ ಕಂಪ್ರೆಸರಿಗೆ ಕುತ್ತು. ತಪ್ಪಿ ಹೆಚ್ಚು ಒತ್ತಡದ ಪೈಪಿಗೆ ಜೋಡಿಸಿದರೆ ಡಬ್ಬಿಯೇ ಸಿಡಿಯಬಹುದು. ದ್ರವ ಕಣ್ಣಿಗೋ ಕೈಗೋ ಹಾರಿದರೆ ಹೆಪ್ಪುಗಟ್ಟಿ ಗಾಯ. ಹೊಸ ಕಾರುಗಳಲ್ಲಿ ಬೇರೆ ಗ್ಯಾಸೂ ಇರುತ್ತದೆ, ಚೀಟಿ ನೋಡದೆ ಏನನ್ನೂ ತುಂಬಬಾರದು.

ಇನ್ನೊಂದಿದೆ. ಹಳೇ ಕಾರುಗಳ ಆರ್-12 ಓಝೋನ್ ಪದರವನ್ನು ತಿನ್ನುತ್ತಿತ್ತೆಂದು 1987ರ ಮಾಂಟ್ರಿಯಲ್ ಒಪ್ಪಂದದಿಂದ ಹಿಂದೆ ಸರಿಯಿತು. ಆರ್-134ಎ ಓಝೋನಿಗೆ ತೊಂದರೆ ಕೊಡದು, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸಾವಿರ ಪಟ್ಟಿಗೂ ಹೆಚ್ಚು. ಇದನ್ನು ಕಡಿಮೆ ಮಾಡುವ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿದೆ. ಸೋರುವ ಕಾರಿಗೆ ಮೂರು ಸಲ ತುಂಬಿದ್ದೆಲ್ಲ ಹೋದದ್ದು ಗಟ್ಟಿನ ಆಕಾಶಕ್ಕೇ.

ಡಬ್ಬಿ ತೆರೆಯಲಿಲ್ಲ. ನಮ್ಮ ಹಳೇ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆವು. ಹತ್ತನೇ ತರಗತಿ ಕನ್ನಡದಲ್ಲೇ ಬರೆದವನು. ತೆಲುಗು ಮೀಡಿಯಂ ಕಾಲೇಜು ಒಗ್ಗದೆ ರಾಯಚೂರಿನ ಗ್ಯಾರೇಜ್ ಸೇರಿದ. ಆಗ ನಮಗೆಲ್ಲ ಸಂಕಟವಾಗಿತ್ತು. ಸಂಜೆ ಪಂಪು, ತಕ್ಕಡಿ, ಸಿಲಿಂಡರ್ ಹೊತ್ತು ಮನೆಗೇ ಬಂದ. ಗುಳ್ಳೆ ನೋಡಿ "ಇಲ್ಲೇ ಸೋರ್ಲಿಕತ್ತದ್ರಿ ಸರ, ಬರೇ ಪಿನ್ನು" ಎಂದ. ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ಖಾಲಿ ಸಿಲಿಂಡರಿಗೆ ಎಳೆದುಕೊಂಡು ಪಿನ್ ಬದಲಿಸಿದ. ಆಮೇಲೆ ಅರ್ಧ ಗಂಟೆ ಪಂಪು ಹಚ್ಚಿ ಒಳಗೆ ನಿರ್ವಾತ ಮಾಡಿದ. ಯಾಕೆ ಅಂದೆವು, ಗೊತ್ತಿದ್ದೇ ಕೇಳಿದೆವು.

"ಒಳಗ ನೀರಿನ ಪಸೆ ಇರ್ತದ್ರಿ. ಒತ್ತಡ ತೆಗೆದ್ರ ನೀರು ಬಿಸಿ ಇಲ್ದ ಕುದಿತದ, ಹೊರಗ ಹೋಗ್ತದ. ನೀವೇ ಹೇಳಿದ್ರಲ್ಲ ಸರ, ಬೆಟ್ಟದ ಮ್ಯಾಲ ಅನ್ನ ಬೇಯಂಗಿಲ್ಲ ಅಂತ!"

ಪಂಪು ನಿಲ್ಲಿಸಿ ಇನ್ನರ್ಧ ಗಂಟೆ ಕಾದರೂ ಮುಳ್ಳು ಅಲುಗಲಿಲ್ಲ, ಅಂದರೆ ಬೇರೆ ತೂತಿಲ್ಲ. ತೂಗಿ 400 ಗ್ರಾಂ ತುಂಬಿ, ಎರಡು ಮುಚ್ಚಳ ಬಿಗಿದ. ಶಾಲೆಯ ಥರ್ಮಾಮೀಟರ್ ಹಿಡಿದು ನೋಡಿದರೆ ಗಾಳಿ ಹತ್ತು ಡಿಗ್ರಿ.

ಡಬ್ಬಿಯನ್ನು ಅಂಗಡಿಗೆ ವಾಪಸ್ ಮಾಡಿದ್ದಾಗಿದೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಆ ಪಂಪು ತಂದು ಮಕ್ಕಳಿಗೆ ತಣ್ಣೀರು ಕುದಿಸಿ ತೋರಿಸು ಅಂದಿದ್ದೇವೆ. ಬರುತ್ತಾನಂತೆ. "ಎರಡು ದಿನ ಮುಂಚೆ ಹೇಳ್ರಿ ಸರ, ಮಳಿ ಬಿದ್ರ ಟ್ರ್ಯಾಕ್ಟರ್ ಕೆಲಸ ಭಾಳ ಇರ್ತದ" ಎಂದಿದ್ದಾನೆ.