ಗಡುವಿನ ತಿಂಗಳಲ್ಲಿ ಫರಂಗಿಪೇಟೆಗೆ

ಸೆಪ್ಟೆಂಬರ್ 7ರ ರಾತ್ರಿ ರಜೆ ಕೇಳುವುದೆಂದರೆ ನಮ್ಮ ಆಡಿಟ್ ಕಚೇರಿಯಲ್ಲಿ ಮದುವೆ ಮನೆಯಿಂದ ಅಡುಗೆಭಟ್ಟ ಎದ್ದು ಹೊರಟಂತೆ. ಸರ್ಕಾರ ಮುಂದೂಡದಿದ್ದರೆ ತೆರಿಗೆ ಆಡಿಟ್ ವರದಿಗೆ 30ನೇ ತಾರೀಕೇ ಕೊನೆ. ನಮ್ಮ ಕಥೋಲಿಕರ ತೆನೆ ಹಬ್ಬ ಮೊಂತಿ ಫೆಸ್ತ್ ಮಾತ್ರ ಯಾರನ್ನೂ ಕಾಯದೆ 8ಕ್ಕೇ ಬರುತ್ತದೆ. ಅಂತೂ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಮಂಗಳೂರಿನ ಬಸ್ಸು ಹತ್ತಿದೆ.

ಹಾಸನದವರೆಗೂ ಫೋನು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯತೊಡಗಿದಾಗ ನೆಟ್‌ವರ್ಕ್ ಹೋಯಿತು. ಮಳೆ, ಹೊಂಡ, ಮುಂದೆ ಲಾರಿಗಳ ಸಾಲು. ಜೇಬಿನಿಂದ ಜಪಮಣಿ ತೆಗೆದು ತೇರ್ಸ್, ಅಂದರೆ ಐದು ಹತ್ತುಗಳ ಜಪಸರ, ಶುರು ಮಾಡಿದೆ. ಮೂರನೆಯ ಹತ್ತಕ್ಕೆ ಬರುವಷ್ಟರಲ್ಲಿ ಯಾರದೋ ಜಿಎಸ್‌ಟಿ ಹೊಂದಾಣಿಕೆಯಾಗದ ಮೊತ್ತ ತಲೆಗೆ ಬಂತು. ಓಡಿಸಿದೆ, ಮತ್ತೆ ಬಂತು. ಕೊನೆಗೆ ಆ ಮೊತ್ತವನ್ನೂ ಜೊತೆಗೆ ಕೂರಿಸಿಕೊಂಡೇ ಗುಂಡ್ಯ ತಲುಪುವಾಗ ಐದೂ ಮುಗಿಸಿದೆ. ಮನಸ್ಸು ಖಾಲಿಯಾದ ಮೇಲೆ ಪ್ರಾರ್ಥನೆ ಎಂದುಕೊಂಡರೆ ಅಕ್ಟೋಬರ್ ಬರಬೇಕಾಗುತ್ತದೆ.

ಅಮ್ಮನಿಗೆ ಈ ವಿಷಯದಲ್ಲಿ ತಕರಾರೇ ಇಲ್ಲ. ಮದುವೆಗೆ ಮುಂಚೆ ಅವಳು ಬೀಡಿ ಕಟ್ಟುತ್ತಿದ್ದವಳು. ಬೆಳಿಗ್ಗೆ ಬ್ರಾಂಚಿಗೆ ಕೊಡಬೇಕಾದ ಲೆಕ್ಕ ರಾತ್ರಿಯೇ ಮುಗಿಯಬೇಕು. ಅಜ್ಜಿ ತೇರ್ಸ್ ನಡೆಸುವರು, ಅಮ್ಮ ಮತ್ತು ಚಿಕ್ಕಮ್ಮಂದಿರು ಉತ್ತರ ಕೊಡುವರು. ಕೈಗಳು ಮಾತ್ರ ಎಲೆಗೆ ಹೊಗೆಸೊಪ್ಪು ತುಂಬಿ ಸುತ್ತುತ್ತಲೇ ಇರುತ್ತಿದ್ದವಂತೆ. “ದೇವರಿಗೆ ಗೊತ್ತಿಲ್ವಾ ಮಗಾ, ಬೀಡಿ ಕಟ್ಟದಿದ್ರೆ ಗಂಜಿ ಇಲ್ಲ ಅಂತ?” ಎನ್ನುತ್ತಾಳೆ. ಏಕಾಗ್ರತೆಯ ಬಗ್ಗೆ ನಾನು ಕೇಳಿದ ಪ್ರವಚನಗಳಿಗಿಂತ ಇದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಬೆಳಗಿನ ಜಾವ ಫರಂಗಿಪೇಟೆಯಲ್ಲಿ ಇಳಿದೆ. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಕಪುಚಿನ್ ಗುರುಗಳು ನೋಡಿಕೊಳ್ಳುವ ಮೊಂತೆ ಮರಿಯಾನೊ ಇಗರ್ಜಿ ಇಲ್ಲೇ. ಗೋವಾದ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಇಲ್ಲಿಯೇ ಈ ಹಬ್ಬ ಆರಂಭಿಸಿದರೆಂಬುದು ನಮ್ಮವರ ನೆನಪು. 1784ರಲ್ಲಿ ಟಿಪ್ಪು ಕೆನರಾದ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಉಳಿದವರು ಬಿಡುಗಡೆಯಾದದ್ದು 1799ರಲ್ಲಿ. ಆ ಹದಿನೈದು ವರ್ಷ ಅವರ ಪಾಲಿಗೆ ತಮ್ಮ ಊರಿನ ಇಗರ್ಜಿಯೂ ಇಲ್ಲ, ತೆನೆಯೂ ಇಲ್ಲ.

ಮನೆಗೆ ಹೋಗಿ ಬಟ್ಟೆ ಬದಲಿಸಿ ನಮ್ಮ ಇಗರ್ಜಿಗೆ ಬರುವಾಗ ಆಗಲೇ ಮಕ್ಕಳು ಹೂವಿನ ಬುಟ್ಟಿ ಹಿಡಿದು ಸಾಲುಗಟ್ಟಿದ್ದರು. ಒಂಬತ್ತು ದಿನದ ನೊವೆನಾದಲ್ಲಿ ಬಾಲ ಮರಿಯಳಿಗೆ ಹೂ ಹಾಕಿ ಹಾಕಿ ಊರಿನ ಡೇರೆ, ಗೊಂಡೆಯೆಲ್ಲ ಬೋಳಾಗಿದ್ದವು. ಗುರುಗಳು ತೆನೆ ಆಶೀರ್ವದಿಸಿದರು. ಮೆರವಣಿಗೆ, ಬಲಿಪೂಜೆ, ಆಮೇಲೆ ಮಕ್ಕಳಿಗೆ ಕಬ್ಬು. ನನಗೂ ಒಂದು ತುಂಡು ಸಿಕ್ಕಿತು, ಕೇಳಿ ಪಡೆದೆ.

ಆ ತೆನೆ ಕೊಟ್ಟವರು ನಮ್ಮ ನೆರೆಯ ಹಿರಿಯರು. ಸುತ್ತಲಿನ ಗದ್ದೆಗಳೆಲ್ಲ ಅಡಿಕೆ ತೋಟವಾದರೂ ಅವರಿನ್ನೂ ಭತ್ತ ಬೆಳೆಯುತ್ತಾರೆ. ಕಾಳು ಇನ್ನೂ ಪೂರ್ತಿ ಬಲಿತಿರಲಿಲ್ಲ. ಮೊದಲ ತೆನೆ ಹೋಗುವುದು ಕಣಜ ತುಂಬಿದ ಮೇಲಲ್ಲ, ಬೆಳೆ ಮಳೆಯಲ್ಲಿ ನಿಂತಿರುವಾಗಲೇ. ಪಕ್ಕದ ತುಳುವರ ಮನೆಗಳ ಕುರಲ್ ಪರ್ಬವೂ ಹೀಗೆಯೇ ಹೊಸ ತೆನೆಯನ್ನು ಒಳಗೆ ತರುವ ಹಬ್ಬ.

ಮಧ್ಯಾಹ್ನ ಬಾಳೆಯೆಲೆ. ಸುಲಿದು ಅರೆದ ಹೊಸ ಅಕ್ಕಿಯನ್ನು ಹಾಲಿಗೆ ಬೆರೆಸಿ ಅಮ್ಮ ಎಲ್ಲರಿಗೂ ಕೊಟ್ಟಳು. ಅಂಬಡೆ, ಹಾಗಲ, ಕೆಸುವಿನ ಸೊಪ್ಪು, ತೊಂಡೆ, ಬೆಂಡೆ: ಪದಾರ್ಥಗಳು ಬೆಸಸಂಖ್ಯೆಯಲ್ಲೇ ಇರಬೇಕು, ಮೀನು ಮಾಂಸ ಇಲ್ಲ. ನಡುವೆ ಫೋನು ಎರಡು ಸಲ ಹೊಡೆದುಕೊಂಡಿತು. ಅಮ್ಮ ಅದರತ್ತ ನೋಡಿದಳೇ ಹೊರತು ಏನೂ ಅನ್ನಲಿಲ್ಲ.

ಉಂಡೆದ್ದು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. ನೆರೆಯವರು ವೀಳ್ಯ ಹಾಕಿಕೊಂಡು ಪಕ್ಕದಲ್ಲೇ ಕುಳಿತಿದ್ದರು.

“ಕೊಯ್ಲು ಯಾವಾಗ ಬಾಪ್ಪು?”

“ಇನ್ನೂ ತಿಂಗಳುಂಟು. ಮಳೆ ಬಿಡ್ಬೇಕು, ಹಂದಿ ಉಳಿಸ್ಬೇಕು. ನಿಮ್ದು?”

“30ಕ್ಕೆ.”

“ಹಾಗಾದ್ರೆ ನಿಮ್ದೇ ಬೇಗ,” ಎಂದು ನಗುತ್ತಾ ಎದ್ದು, ನವಿಲು ಓಡಿಸಲು ಗದ್ದೆಯ ಕಡೆ ಹೊರಟರು.