ಪತ್ತನಾಜೆಗೆ ಮುನ್ನ

ಕಾಲೇಜಿನ ಕಡೆಯ ವರ್ಷದ ಬೇಸಗೆ ರಜೆಯಲ್ಲಿ, ಮೂಡುಬಿದಿರೆಗೆ ಬರುವ ಯಾತ್ರಿಕರಿಗೆ ಊರನ್ನು ಪರಿಚಯಿಸುವ ಹೊಣೆಯನ್ನು ಸಮಾಜದ ಹಿರಿಯರು ನನಗೆ ಒಪ್ಪಿಸಿದ್ದರು. 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿ, ಅಲ್ಲಿಯ ಚಂದ್ರನಾಥ ಸ್ವಾಮಿ, ಈ ಊರಿನ ಕವಿ ರತ್ನಾಕರವರ್ಣಿ, ಎಲ್ಲವೂ ನನಗೆ ಕಂಠಪಾಠ. ಹಗಲು ಬಸದಿ, ಇರುಳು ಯಕ್ಷಗಾನ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ಬಯಲಾಟಕ್ಕೆ ಹೊರಡುತ್ತಿದ್ದೆ. ನಡುರಾತ್ರಿ ಗೆಳೆಯರು ಚರುಮುರಿ ಮೆಲ್ಲುವಾಗ ನನಗೆ ಚೆಂಡೆಯ ಪೆಟ್ಟೇ ಆಹಾರ! ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳೂ ನಿಲ್ಲುತ್ತವೆ. ಅದಕ್ಕೆ ಮುನ್ನ ನೋಡಿದಷ್ಟೂ ಲಾಭ.

ಒಮ್ಮೆ ಉತ್ತರ ಭಾರತದ ವೃದ್ಧ ಶ್ರಾವಕರೊಬ್ಬರು ದಾರಿಬದಿಯ ದೈವಸ್ಥಾನವನ್ನು ಕಂಡು, "ಇದನ್ನು ನೀವೂ ನಂಬುವಿರಾ?" ಎಂದು ವಿಚಾರಿಸಿದರು. "ನಮಗೂ ಇದಕ್ಕೂ ಸಂಬಂಧವಿಲ್ಲ" ಎಂದುಬಿಟ್ಟೆ. ನಮ್ಮ ಮನೆಯ ಚಾವಡಿಯಲ್ಲೇ ದೈವದ ಮಂಚವಿದೆ. ಹದಿನೈದು ದಿನಗಳ ಹಿಂದಷ್ಟೇ ನೇಮ ನಡೆದಿತ್ತು. ಅವರ ದೃಷ್ಟಿಯಲ್ಲಿ ಕಿರಿದಾಗುವೆವೆಂಬ ಅಳುಕು ನನ್ನಿಂದ ಹಾಗೆ ನುಡಿಸಿತ್ತು.

ಸಂಜೆ ವಿಷಯ ತಿಳಿದ ಅಜ್ಜಿ, "ಬಸದಿ ತೋರಿಸಲು ಹೋದವನು ಸುಳ್ಳು ಹೇಳಿ ಬಂದೆಯಾ ಮಗಾ?" ಎಂದರು. ಮತ್ತೇನೂ ಆಡಲಿಲ್ಲ. ಆ ರಾತ್ರಿ ಆಟಕ್ಕೆ ಹೋಗಲು ಮನಸ್ಸಾಗಲಿಲ್ಲ.

ಮರುದಿನ ಅಭಿಷೇಕದ ವೇಳೆಗೆ ಆ ಹಿರಿಯರನ್ನು ಕಂಡು ನಿಜವನ್ನು ಅರಿಕೆ ಮಾಡಿದೆ. "ನೇಮದಲ್ಲಿ ಹಿಂಸೆಯುಂಟೇ?" ಎಂದು ಕೇಳಿದರು. ನಮ್ಮ ಮನೆಯಲ್ಲಿಲ್ಲ, ಬೇರೆ ಕೆಲವೆಡೆ ಕೋಳಿ ಕೊಯ್ಯುವುದುಂಟು ಎಂದು ಮುಚ್ಚುಮರೆಯಿಲ್ಲದೆ ತಿಳಿಸಿದೆ. ಅವರು ಕೊಂಚ ಹೊತ್ತು ಸುಮ್ಮನಿದ್ದು, ನಮ್ಮ ಚಾವಡಿಯನ್ನು ನೋಡಬಹುದೇ ಎಂದರು. ಅಂದು ಹಗಲಿರುವಾಗಲೇ ಅಜ್ಜಿಯ ಕೈಯಡುಗೆಯುಂಡು ಹೋದರು.

ಮರುವರ್ಷ ಅವರಿಂದ ಪತ್ರ ಬಂತು: ಈ ಸಲ ನೇಮ ಯಾವ ದಿನ?